ಕಲ್ಲು ಸರ್ಕಾರದ್ದು, ಗುಂಡಿ ತೋಡೋರು ಯಾರು?

ಮೇ ತಿಂಗಳ ಕೊನೆಯ ವಾರ ಅಮೆರಿಕದ ಯಾವುದಾದರೂ ಸಣ್ಣ ಊರಿನ ಸ್ಮಶಾನದ ಪಕ್ಕ ಹಾದು ಹೋಗಿದ್ದರೆ ನೀವಿದನ್ನು ಗಮನಿಸಿರುತ್ತೀರಿ. ನೂರಾರು ಗೋರಿಗಳ ನಡುವೆ ಅಲ್ಲೊಂದು ಇಲ್ಲೊಂದು ಗೋರಿಗೆ ಮಾತ್ರ ಪುಟ್ಟದೊಂದು ಬಾವುಟ ಸಿಕ್ಕಿಸಿರುತ್ತಾರೆ. ಹತ್ತಿರ ಹೋದರೆ, ಆ ಬಾವುಟದ ಕಡ್ಡಿಯನ್ನು ಹಿಡಿದಿಡಲು ನೆಲದಲ್ಲಿ ಊರಿರುವ ಲೋಹದ ಗುರುತು ಕಾಣುತ್ತದೆ. ಅದರ ಮೇಲೊಂದು ನಕ್ಷತ್ರ, ಇಲ್ಲವೇ ಯಾವುದೋ ಯುದ್ಧದ ಹೆಸರು. ಅಲ್ಲಿ ಮಲಗಿರುವಾತ ಯುದ್ಧದಲ್ಲೇ ಸತ್ತವನಾಗಿರಬೇಕಿಲ್ಲ. ಯುದ್ಧ ಮುಗಿಸಿ ಮನೆಗೆ ಬಂದು, ಹೊಲ ಉತ್ತು, ಅಂಗಡಿ ನಡೆಸಿ, ಎಪ್ಪತ್ತೆಂಬತ್ತು ವರ್ಷ ಬದುಕಿ ಹಾಸಿಗೆಯಲ್ಲೇ ಕಣ್ಣು ಮುಚ್ಚಿದವನೂ ಆಗಿರಬಹುದು.

ನಮ್ಮ ಕಡೆಯ ವೀರಗಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ವೀರಗಲ್ಲು ಹೋರಾಡುತ್ತಾ ಬಿದ್ದವನಿಗೆ. ಈ ಗುರುತು ಹೋರಾಡಿ, ಬದುಕಿ ಬಂದವನಿಗೂ. ಬಿದ್ದವನನ್ನು ಊರು ಹೇಗೋ ನೆನೆಯುತ್ತದೆ. ಬದುಕಿ ಬಂದವನ ವಿಷಯ ಕಷ್ಟ. ಅವನು ಮುದುಕನಾಗುತ್ತಾನೆ, ಸಾಲ ಮಾಡುತ್ತಾನೆ, ಕುಡಿಯುತ್ತಾನೆ, ಕೊನೆಗೆ ಊರಿಗೇ ಭಾರವಾಗುತ್ತಾನೆ. ಅವನು ಸತ್ತಾಗ ಗೋರಿಗೊಂದು ಕಲ್ಲು ಇಡೋರು ಯಾರು? ಅಮ್ಮ, ಹೆಂಡತಿ, ಮಕ್ಕಳು ಎಲ್ಲ ಹೋದ ಮೇಲೆ ಆ ಕಲ್ಲು ವಾಲಿದರೆ ನೆಟ್ಟಗೆ ಮಾಡೋರು ಯಾರು?

ಸೈನ್ಯ ದೇಶದ್ದು, ಹಾಗಾಗಿ ಗೋರಿಯೂ ದೇಶದ ಸರ್ಕಾರದ ಹೊಣೆ ಅಂತ ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಅಮೆರಿಕದಲ್ಲಿ ಆಗಿದ್ದು ಹಾಗಲ್ಲ. ಅಲ್ಲಿ ಕಲ್ಲು ಕೊಡುವುದು ವಾಷಿಂಗ್ಟನ್ನಿನ ಸರ್ಕಾರ, ಆದರೆ ಅದನ್ನು ನೆಡಿಸುವ, ಗುರುತಿಡುವ, ಹುಲ್ಲು ಕತ್ತರಿಸುವ ಕೆಲಸ ಬಂದು ಬಿದ್ದದ್ದು ಊರಿನ ಟೌನ್ ಆಫೀಸು, ಕೌಂಟಿ ಆಫೀಸುಗಳ ಹೆಗಲಿಗೆ. (ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆಯ ಹಾಗೆ.) ಇದು ಯಾಕೆ ಹೀಗಾಯಿತು ಅನ್ನುವುದು ಸ್ವಾರಸ್ಯವಾಗಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಕತೆ ಶುರುವಾಗುವುದು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ. ಅದಕ್ಕೆ ಮೊದಲು ಸಿಪಾಯಿ ಬಿದ್ದಲ್ಲೇ ಹೂಳುವುದು ರೂಢಿ. ಅಧಿಕಾರಿಯಾದರೆ ಮನೆಯವರು ಹೆಣ ತರಿಸಿಕೊಳ್ಳುತ್ತಿದ್ದರು, ಬಡವನಾದರೆ ಗುಂಡಿಯೇ ಗತಿ. ಈ ಯುದ್ಧದಲ್ಲಿ ಸತ್ತವರ ಲೆಕ್ಕ ಲಕ್ಷ ದಾಟಿದಾಗ ಆ ಪದ್ಧತಿ ನಡೆಯಲಿಲ್ಲ. 1862ರ ಜುಲೈನಲ್ಲಿ ರಾಷ್ಟ್ರೀಯ ಸ್ಮಶಾನಗಳನ್ನು ಮಾಡಲು ಕಾನೂನು ಬಂತು. ಯುದ್ಧ ಮುಗಿದ ಮೇಲೆ, 1866ರಿಂದ 1870ರವರೆಗೆ, ಸೈನ್ಯದವರು ಕಾಡು, ಹೊಲ, ರಸ್ತೆ ಬದಿಗಳಲ್ಲಿ ಹೂತಿದ್ದ ಉತ್ತರದ ಕಡೆಯ ಸುಮಾರು 3 ಲಕ್ಷ ಸೈನಿಕರ ಅವಶೇಷಗಳನ್ನು ತೆಗೆದು 73 ರಾಷ್ಟ್ರೀಯ ಸ್ಮಶಾನಗಳಲ್ಲಿ ಮತ್ತೆ ಹೂತರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ಹೆಸರು ಗೊತ್ತಾಗಲಿಲ್ಲ.

ಆ ಗೋರಿಗಳಿಗೆ ಮೊದಲು ಇಟ್ಟದ್ದು ಮರದ ಹಲಗೆ. ಒಂದಕ್ಕೆ 1 ಡಾಲರ್ 23 ಸೆಂಟ್. ಮಳೆ ಬಿಸಿಲಿಗೆ ಅದರ ಆಯಸ್ಸು ಐದು ವರ್ಷ. ಐದು ವರ್ಷಕ್ಕೊಮ್ಮೆ 3 ಲಕ್ಷ ಹಲಗೆ ಬದಲಾಯಿಸುವುದೆಂದರೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿದವರು ಸೈನ್ಯದ ಸರಬರಾಜು ವಿಭಾಗದ ಮುಖ್ಯಸ್ಥ ಮಾಂಟ್ಗೊಮೆರಿ ಮೀಗ್ಸ್. ಅವರಿಗೆ ಎರಕದ ಕಬ್ಬಿಣದ ಗುರುತು ಸಾಕು ಅನ್ನಿಸಿತ್ತು. ಜನಕ್ಕೆ ಕಲ್ಲೇ ಬೇಕಿತ್ತು. ವರ್ಷಗಟ್ಟಲೆ ಎಳೆದಾಟವಾಗಿ ಕೊನೆಗೆ 1873ರಲ್ಲಿ ಅಮೆರಿಕದ ಸಂಸತ್ತು ಹತ್ತು ಲಕ್ಷ ಡಾಲರ್ ಮಂಜೂರು ಮಾಡಿತು. 10 ಇಂಚು ಅಗಲ, 4 ಇಂಚು ದಪ್ಪ, ನೆಲದ ಮೇಲೆ 12 ಇಂಚು ಕಾಣುವ ಬಿಳಿಯ ಕಲ್ಲು. ಅದರ ಮೇಲೆ ಗುರಾಣಿಯ ಆಕಾರ, ಒಳಗೆ ಹೆಸರು, ರಾಜ್ಯ. ಹೆಸರು ಗೊತ್ತಿಲ್ಲದವನಿಗೆ 6 ಇಂಚಿನ ಚೌಕದ ಗೂಟದಂಥ ಕಲ್ಲು, ಮೇಲೊಂದು ಸಂಖ್ಯೆ. ಅಷ್ಟೇ.

ಇದೆಲ್ಲ ರಾಷ್ಟ್ರೀಯ ಸ್ಮಶಾನಗಳ ಮಾತಾಯಿತು. ಆದರೆ ಬದುಕಿ ಊರಿಗೆ ಮರಳಿದ ಲಕ್ಷಾಂತರ ಜನ ತಮ್ಮ ತಮ್ಮ ಊರಿನ ಚರ್ಚಿನ ಹಿಂದೆಯೋ, ಹೊಲದ ಮೂಲೆಯ ಮನೆತನದ ಜಾಗದಲ್ಲೋ ಮಣ್ಣಾಗುತ್ತಿದ್ದರಲ್ಲ, ಅವರಿಗೆ? 1879ರ ಫೆಬ್ರವರಿ 3ರಂದು ಇನ್ನೊಂದು ಕಾನೂನು ಬಂತು. ಖಾಸಗಿ, ಹಳ್ಳಿಯ ಅಥವಾ ಪಟ್ಟಣದ ಸ್ಮಶಾನದಲ್ಲಿ ಗುರುತಿಲ್ಲದೆ ಇರುವ ಉತ್ತರದ ಸೈನಿಕನ ಗೋರಿಗೂ ಸರ್ಕಾರ ಪುಕ್ಕಟೆ ಕಲ್ಲು ಕೊಡುತ್ತದೆ ಅಂತ. ಉದಾರ ಕಾನೂನು, ನಿಜ. ಆದರೆ ಇಲ್ಲೇ ಒಂದು ಗಂಟು ಬಿತ್ತು.

ಈ ಕಲ್ಲಿಗಾಗಿ ತುಂಬಿಕೊಡಬೇಕಿದ್ದ ಅರ್ಜಿಗಳು ಇವತ್ತಿಗೂ ಪತ್ರಾಗಾರದಲ್ಲಿವೆ. 20ನೇ ಶತಮಾನದ ಮೊದಲರ್ಧದ ಅರ್ಜಿ ನಮೂನೆ ನೋಡಿದರೆ ವಿಷಯ ಥಟ್ಟನೆ ಗೊತ್ತಾಗುತ್ತದೆ. ಹೆಸರು, ದಳ, ಸತ್ತ ದಿನಗಳ ಜೊತೆಗೆ ಹತ್ತಿರದ ರೈಲು ನಿಲ್ದಾಣ ಯಾವುದು ಅಂತ ಬರೆಯಬೇಕು. ಕೆಳಗೆ ಒಂದು ಒಪ್ಪಿಗೆ. ಸಾರಾಂಶ ಇಷ್ಟು: ಸರ್ಕಾರ ತನ್ನ ಖರ್ಚಿನಲ್ಲಿ ಕಲ್ಲನ್ನು ಆ ನಿಲ್ದಾಣದವರೆಗೆ ಮುಟ್ಟಿಸುತ್ತದೆ, ಅಲ್ಲಿಂದ ಇಳಿಸಿಕೊಂಡು ಹೋಗಿ ಗೋರಿಯ ಮೇಲೆ ಸರಿಯಾಗಿ ನೆಡುವುದು ಅರ್ಜಿದಾರನ ಖರ್ಚು. ದೇಶದ ಕೃತಜ್ಞತೆ ರೈಲು ನಿಲ್ದಾಣದವರೆಗೆ ಮಾತ್ರ! ಅಲ್ಲಿಂದ ಮುಂದಕ್ಕೆ ಗಾಡಿ, ಗುದ್ದಲಿ, ಕೂಲಿ ಎಲ್ಲ ನಿಮ್ಮದು.

ಅಂದ ಹಾಗೆ ಈ ನಿಯಮ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. 1973ರಲ್ಲಿ ಈ ಕೆಲಸ ಸೈನ್ಯದಿಂದ ಮಾಜಿ ಸೈನಿಕರ ಇಲಾಖೆಗೆ ಹೋಯಿತು. ಈಗಲೂ ಇಲಾಖೆ ಕಲ್ಲು ಕೊಡುತ್ತದೆ, ಸಾಗಣೆ ಖರ್ಚು ಕೊಡುತ್ತದೆ, ಖಾಸಗಿ ಸ್ಮಶಾನದಲ್ಲಿ ಅದನ್ನು ನೆಡುವ ಖರ್ಚು ಮಾತ್ರ ಕೊಡುವುದಿಲ್ಲ.

ಮೊದಮೊದಲು ಈ ನಿಲ್ದಾಣದಿಂದ ಗೋರಿಯವರೆಗಿನ ದಾರಿಯನ್ನು ತುಂಬಿದವರು ಜೊತೆಗೆ ಹೋರಾಡಿದ ಗೆಳೆಯರೇ. 1866ರಲ್ಲಿ ಇಲಿನಾಯ್‌ನ ಡೆಕೇಟರ್ ಊರಿನಲ್ಲಿ 'ಗ್ರ್ಯಾಂಡ್ ಆರ್ಮಿ ಆಫ್ ದ ರಿಪಬ್ಲಿಕ್' ಅಂತ ಉತ್ತರದ ಮಾಜಿ ಸೈನಿಕರ ಸಂಘ ಹುಟ್ಟಿತು. ಊರೂರಿಗೂ ಅದರ ಶಾಖೆ. 1868ರಲ್ಲಿ ಅದರ ಮುಖ್ಯಸ್ಥ ಜಾನ್ ಲೋಗನ್, ಮೇ 30ರಂದು ಎಲ್ಲ ಶಾಖೆಯವರೂ ಸತ್ತ ಗೆಳೆಯರ ಗೋರಿಗೆ ಹೂವಿಡಬೇಕು ಅಂತ ಆದೇಶ ಹೊರಡಿಸಿದರು. ಈಗಿನ ಮೆಮೋರಿಯಲ್ ಡೇ ಬೆಳೆದದ್ದು ಅದರಿಂದ. 1971ರಿಂದ ಅದು ಮೇ ತಿಂಗಳ ಕೊನೆಯ ಸೋಮವಾರಕ್ಕೆ ಬಂದು, ಮೂರು ದಿನದ ರಜೆ, ಸೇಲ್ ಎಲ್ಲ ಅಂಟಿಕೊಂಡಿತು ಅನ್ನುವುದು ಬೇರೆ ಮಾತು :)

ಲೋಗನ್ ಆದೇಶಕ್ಕೂ ಮೊದಲಿನ ಒಂದು ಘಟನೆಯನ್ನು ಹೇಳಲೇಬೇಕು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಕುದುರೆ ರೇಸಿನ ಮೈದಾನವೊಂದನ್ನು ದಕ್ಷಿಣದವರು ಸೆರೆಮನೆ ಮಾಡಿಕೊಂಡಿದ್ದರು. ಅಲ್ಲಿ ಸತ್ತ 257 ಉತ್ತರದ ಸೈನಿಕರನ್ನು ಒಟ್ಟಿಗೆ ಹೂತು ಹಾಕಿದ್ದರು. ಊರು ಉತ್ತರದವರ ಕೈಗೆ ಬಂದ ಮೇಲೆ, ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಜನ ತಾವಾಗಿ ಬಂದು ಆ ದೇಹಗಳನ್ನು ಒಂದೊಂದಾಗಿ ಸರಿಯಾಗಿ ಹೂತು, ಸುತ್ತ ಬೇಲಿ ಕಟ್ಟಿದರು. 1865ರ ಮೇ 1ರಂದು ಸುಮಾರು ಹತ್ತು ಸಾವಿರ ಜನ ಮೆರವಣಿಗೆಯಲ್ಲಿ ಬಂದು ಹೂವಿಟ್ಟರು. ಯಾವ ಕಾನೂನೂ ಅವರಿಗೆ ಇದನ್ನು ಮಾಡಿ ಅಂದಿರಲಿಲ್ಲ, ಯಾವ ಸರ್ಕಾರಿ ಬಜೆಟ್ಟೂ ಇರಲಿಲ್ಲ. ಈ ಕತೆ ನೂರಕ್ಕೂ ಹೆಚ್ಚು ವರ್ಷ ಮರೆತೇ ಹೋಗಿ, ಇತಿಹಾಸಕಾರ ಡೇವಿಡ್ ಬ್ಲೈಟ್ ಹಳೆಯ ಕಾಗದಗಳಲ್ಲಿ ಹುಡುಕಿ ತೆಗೆದ ಮೇಲೆ ಮತ್ತೆ ಬೆಳಕಿಗೆ ಬಂತು. ಪ್ರೀತಿಯಿಂದ ಮಾಡಿದ್ದನ್ನೂ ಯಾರಾದರೂ ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಮತ್ತೆ ಆ ಸಂಘದ ವಿಷಯಕ್ಕೆ ಬರೋಣ. 1890ರ ಹೊತ್ತಿಗೆ ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. ಮತ ಹಾಕುವ ನಾಲ್ಕು ಲಕ್ಷ ಗಂಡಸರು ಅಂದರೆ ರಾಜಕಾರಣಿಗಳು ಕೈಕಟ್ಟಿ ನಿಲ್ಲಲೇಬೇಕಲ್ಲ. ಆದರೆ ಸಂಘಕ್ಕೆ ಒಂದು ಭಯ ಕಾಡುತ್ತಿತ್ತು. ಸದಸ್ಯರಿಗೆ ವಯಸ್ಸಾಗುತ್ತಿದೆ, ಕೆಲವರು ಬೀದಿಗೆ ಬಿದ್ದಿದ್ದಾರೆ. ಆ ಕಾಲದಲ್ಲಿ ದಿಕ್ಕಿಲ್ಲದೆ ಸತ್ತವರನ್ನು ಊರಿನ ಖರ್ಚಿನಲ್ಲಿ ಹೂಳಲು ಪ್ರತ್ಯೇಕ ಜಾಗ ಇರುತ್ತಿತ್ತು. ಕಲ್ಲಿಲ್ಲ, ಹೆಸರಿಲ್ಲ, ಹೆಚ್ಚೆಂದರೆ ಒಂದು ಸಂಖ್ಯೆ. ದೇಶಕ್ಕಾಗಿ ಹೋರಾಡಿದವನು ಆ ಜಾಗಕ್ಕೆ ಹೋಗಬಾರದು ಅನ್ನುವುದು ಅವರ ಹಟ.

ಆ ಹಟದಿಂದ 1880ರ ದಶಕದಲ್ಲಿ ರಾಜ್ಯ ರಾಜ್ಯಗಳಲ್ಲೂ ಕಾನೂನುಗಳು ಬಂದವು. ಪೆನ್ಸಿಲ್ವೇನಿಯಾದಲ್ಲಿ 1885ರಲ್ಲಿ. ಗೌರವದಿಂದ ಸೈನ್ಯ ಬಿಟ್ಟು ಬಂದ ಸೈನಿಕ ಕೈಯಲ್ಲಿ ಕಾಸಿಲ್ಲದೆ ಸತ್ತರೆ ಕೌಂಟಿಯೇ ಅವನ ಅಂತ್ಯಕ್ರಿಯೆ ಮಾಡಬೇಕು ಅಂತ. ಒಹಾಯೋ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ಗಳಲ್ಲೂ ಇದೇ ಬಗೆಯ ಕಾನೂನುಗಳಾದವು. ಒಹಾಯೋದಲ್ಲಂತೂ ಪ್ರತಿ ಹೋಬಳಿಗೆ, ಪ್ರತಿ ವಾರ್ಡಿಗೆ ಇಬ್ಬರು ತಕ್ಕ ಮನುಷ್ಯರನ್ನು ಇದಕ್ಕಾಗಿಯೇ ಕೌಂಟಿ ನೇಮಿಸಬೇಕು.

ಈ ಕಾನೂನುಗಳ ಪೈಕಿ ನನಗೆ ತುಂಬ ಹಿಡಿಸಿದ್ದು ನ್ಯೂಯಾರ್ಕ್ ರಾಜ್ಯದ ಪುರಸಭಾ ಕಾಯಿದೆಯ 148ನೇ ಕಲಮು. ಅದರ ಪ್ರಕಾರ ಬಡ ಸೈನಿಕನ ಅಂತ್ಯಕ್ರಿಯೆಗೆ ಕೌಂಟಿ ಒಬ್ಬರನ್ನು ಗೊತ್ತುಮಾಡಬೇಕು. ಆದರೆ ಆತ ಬಡವರನ್ನು ನೋಡಿಕೊಳ್ಳುವ ಅಧಿಕಾರಿಯಾಗಿರಬಾರದು, ಅಪರಾಧಿಗಳನ್ನು ಕಾಯುವ ಅಧಿಕಾರಿಯೂ ಆಗಿರಬಾರದು! ಜೊತೆಗೆ, ದಿಕ್ಕಿಲ್ಲದವರಿಗೆಂದೇ ಮೀಸಲಾದ ಸ್ಮಶಾನದಲ್ಲಾಗಲಿ ಸ್ಮಶಾನದ ಅಂಥ ಮೂಲೆಯಲ್ಲಾಗಲಿ ಅವನನ್ನು ಹೂಳುವಂತಿಲ್ಲ. ನೋಡಿ, ಹಣ ಅದೇ ಊರಿನ ತೆರಿಗೆಯ ಹಣ. ಗುಂಡಿ ತೋಡುವ ಕೂಲಿಯೂ ಬಹುಶಃ ಅವನೇ. ಆದರೂ ಸೈನಿಕನಿಗೆ ಸಿಗುವುದು ಭಿಕ್ಷೆಯಲ್ಲ, ಅವನಿಗೆ ಸಲ್ಲಬೇಕಾದ ಬಾಕಿ ಅಂತ ತೋರಿಸಲು ಕಾನೂನು ಬೇರೆ ಮನುಷ್ಯನನ್ನೇ ಕಳಿಸುತ್ತದೆ. ಒಣ ಸರ್ಕಾರಿ ಭಾಷೆಯಲ್ಲಿ ಇಷ್ಟು ಮಾನ ಮರ್ಯಾದೆ ತುಂಬಿಟ್ಟಿರುವುದು ಅಪರೂಪ.

ಇಲ್ಲೇ ಒಂದು ಮುಳ್ಳೂ ಇದೆ. ಸೈನಿಕನನ್ನು ಆ ಹೆಸರಿಲ್ಲದ ಮೂಲೆಯಿಂದ ಎತ್ತಿ ಉಳಿಸಿದ ಕಾನೂನು, ಅವನ ಪಕ್ಕದ ಮನೆಯ ಅಗಸಗಿತ್ತಿಯನ್ನೋ ರೈಲು ಹಳಿ ಹಾಕಿದ ಕೂಲಿಯನ್ನೋ ಅಲ್ಲೇ ಬಿಟ್ಟಿತು. ಆ ಮೂಲೆ ಮನುಷ್ಯರಿಗೆ ತಕ್ಕದ್ದಲ್ಲ ಅಂತ ಗೊತ್ತಿದ್ದೂ, ಒಂದು ಗುಂಪಿನವರಿಗೆ ಮಾತ್ರ ಬೇರೆ ದಾರಿ ಮಾಡಿತು. ಇದನ್ನು ಮರೆತು ಬರೀ ಹೊಗಳಿದರೆ ನ್ಯಾಯವಾಗುವುದಿಲ್ಲ.

ಹೂಳುವುದೇನೋ ಒಂದು ದಿನದ ಕೆಲಸ. ನೋಡಿಕೊಳ್ಳುವುದು ನೂರು ವರ್ಷದ ಕೆಲಸ. ಸಂಘದ ಮುದುಕರಿಗೆ ಇದು ಗೊತ್ತಿತ್ತು. ಅವರು ತಮ್ಮ ಸಂಘಕ್ಕೆ ತಮ್ಮ ಮಕ್ಕಳನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ತಾವು ಸತ್ತರೆ ಸಂಘವೂ ಮುಗಿಯಿತು. ಹಾಗೇ ಆಯಿತು. 1949ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಕೊನೆಯ ಸಮಾವೇಶಕ್ಕೆ ಬಂದವರು ಆರೇ ಜನ. ಕೊನೆಯ ಸದಸ್ಯ ಆಲ್ಬರ್ಟ್ ವೂಲ್ಸನ್ 1956ರಲ್ಲಿ ತೀರಿಕೊಂಡಾಗ ಸಂಘವೂ ತೀರಿಕೊಂಡಿತು. ಅಷ್ಟರಲ್ಲಿ ಗೋರಿಯ ಹೊಣೆ ಒಂದೊಂದೇ ರಾಜ್ಯದಲ್ಲಿ ಕಾನೂನಿನ ಮೂಲಕ ಊರುಗಳಿಗೆ ದಾಟಿಯಾಗಿತ್ತು.

ಹೇಗೆ ದಾಟಿತು ಅನ್ನುವುದರಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ರೀತಿ. ಪೆನ್ಸಿಲ್ವೇನಿಯಾದಲ್ಲಿ ಅದು ಕೌಂಟಿಯ ಕೆಲಸ. ಅಲ್ಲಿನ 67 ಕೌಂಟಿಗಳೂ ತಮ್ಮ ಗಡಿಯೊಳಗಿನ ಮಾಜಿ ಸೈನಿಕರ ಗೋರಿಗಳಿಗೆ ಲೋಹದ ಗುರುತು ಕೊಡಬೇಕು, ಪ್ರತಿ ವರ್ಷ ಮೆಮೋರಿಯಲ್ ಡೇಗೆ ಬಾವುಟ ಕೊಡಬೇಕು. ಎಲ್ಲೆಲ್ಲಿ ಯಾರ ಗೋರಿಯಿದೆ ಅಂತ ದಾಖಲೆಯನ್ನೂ ಇಡಬೇಕು.

ಮೇನ್ ರಾಜ್ಯದಲ್ಲಿ ಇದು ಊರಿನ ಕೆಲಸ. ಅಲ್ಲಿನ ಕಾನೂನಿನಲ್ಲಿ 'ಪುರಾತನ ಸ್ಮಶಾನ' ಅಂತ ಒಂದು ಪದ ಬರುತ್ತದೆ. 1880ಕ್ಕೆ ಮೊದಲು ಮಾಡಿದ ಖಾಸಗಿ ಸ್ಮಶಾನ ಅಂತ ಅರ್ಥ. (1880 ಪುರಾತನವಂತೆ, ನಮಗೆ ನಗು ಬರುತ್ತದೆ!) ಹಳೆಯ ರೈತ ಕುಟುಂಬಗಳು ಜಮೀನು ಬಿಟ್ಟು ಪಶ್ಚಿಮಕ್ಕೆ ಹೋದ ಮೇಲೆ ಅವರ ಹೊಲಗಳಲ್ಲಿ ಮತ್ತೆ ಕಾಡು ಬೆಳೆದು, ಈ ಪುಟ್ಟ ಸ್ಮಶಾನಗಳು ಮರಗಳ ನಡುವೆ ಸಿಕ್ಕಿಕೊಂಡಿವೆ. ಅಲ್ಲಿ ಮಾಜಿ ಸೈನಿಕನೊಬ್ಬನ ಗೋರಿ ಇದ್ದರೆ ಊರು ಅದನ್ನು ಸುಸ್ಥಿತಿಯಲ್ಲಿಡಬೇಕು, ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಹುಲ್ಲು ಕತ್ತರಿಸುತ್ತಿರಬೇಕು. ದಿನಾಂಕ ಸಮೇತ ಬರೆದಿದ್ದಾರೆ. ಕೆಲವು ನೂರು ಮನೆಗಳಷ್ಟೇ ಇರುವ ಊರಿಗೆ ಇದು ಸಣ್ಣ ಹೊರೆಯಲ್ಲ. ರಾಜಧಾನಿಯಲ್ಲಿ ಕೂತು ಕಾನೂನು ಮಾಡುವವರು ಒಬ್ಬರು, ಸೊಳ್ಳೆ ಕಚ್ಚಿಸಿಕೊಂಡು ಹುಲ್ಲು ಕತ್ತರಿಸುವವರು ಇನ್ನೊಬ್ಬರು.

ಎಲ್ಲಕ್ಕಿಂತ ಸ್ಪಷ್ಟವಾದ ಉತ್ತರ ಮ್ಯಾಸಚೂಸೆಟ್ಸ್‌ನದು. ಅಲ್ಲಿನ ಕಾನೂನಿನ 115ನೇ ಅಧ್ಯಾಯದ ಪ್ರಕಾರ ಪ್ರತಿ ಪಟ್ಟಣ, ಪ್ರತಿ ಊರು 'ಮಾಜಿ ಸೈನಿಕರ ಗೋರಿಗಳ ಅಧಿಕಾರಿ' ಅಂತ ಒಬ್ಬರನ್ನು ನೇಮಿಸಬೇಕು. ತನ್ನ ಊರಿನ ಗಡಿಯೊಳಗಿನ ಪ್ರತಿಯೊಬ್ಬ ಮಾಜಿ ಸೈನಿಕನ ಗೋರಿಯೂ ಸರಿಯಾಗಿದೆಯೇ ಅಂತ ನೋಡುವುದು ಅವರ ಕೆಲಸ. ಬೇರೆ ಎಲ್ಲಿಂದಲೂ ಹಣ ಬರದಿದ್ದರೆ ಊರೇ ಹಣ ಕೊಡಬೇಕು. ಆ ರಾಜ್ಯದಲ್ಲಿ ಇಂಥ 351 ಊರು ಪಟ್ಟಣಗಳಿವೆ. ನಮ್ಮ ಐಟಿ ಕನ್ನಡಿಗರು ಎಷ್ಟೋ ಜನ ಇರುವ ಬಾಸ್ಟನ್ ಸುತ್ತಲಿನ ಊರುಗಳೂ ಇದರಲ್ಲಿ ಸೇರಿವೆ. ಟೌನ್ ಆಫೀಸಿನ ವಾರ್ಷಿಕ ವರದಿ ತೆಗೆದು ನೋಡಿ, ನಾಯಿಗಳ ಅಧಿಕಾರಿ, ಬೇಲಿಗಳ ಅಧಿಕಾರಿ ಅನ್ನುವ ಪಟ್ಟಿಯ ನಡುವೆ ಈ ಹುದ್ದೆಯೂ ಕಾಣಿಸೀತು.

ದಾಖಲೆ ಇಡುವುದಕ್ಕೂ ಒಂದು ಕಾಲ ಕೂಡಿ ಬಂತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ರೂಸ್ವೆಲ್ಟ್ ಸರ್ಕಾರ ಶುರು ಮಾಡಿದ ಯೋಜನೆಯಲ್ಲಿ ಮಾಜಿ ಸೈನಿಕರ ಗೋರಿಗಳನ್ನು ಪಟ್ಟಿ ಮಾಡುವ ಕೆಲಸವೂ ಸೇರಿತ್ತು. ಕೆಲಸ ಕಳೆದುಕೊಂಡ ಜನ ಸ್ಮಶಾನದಿಂದ ಸ್ಮಶಾನಕ್ಕೆ ಹೋಗಿ, ಪಾಚಿ ಉಜ್ಜಿ, ಹೆಸರು ಓದಿ, ಕಾರ್ಡುಗಳಲ್ಲಿ ಬರೆದರು, ನಕ್ಷೆ ಮಾಡಿದರು. ಹಸಿದವರಿಗೆ ಕೂಲಿ ಸಿಕ್ಕಿತು, ಸತ್ತವರಿಗೆ ವಿಳಾಸ ಸಿಕ್ಕಿತು.

ಆದರೆ ಕಾನೂನು 'ಪ್ರತಿಯೊಂದು ಗೋರಿ' ಅಂದ ಮಾತ್ರಕ್ಕೆ ಪ್ರತಿಯೊಂದನ್ನೂ ನೋಡುವ ಕಣ್ಣು ಬರುವುದಿಲ್ಲವಲ್ಲ. ಪೆನ್ಸಿಲ್ವೇನಿಯಾದ ಗೆಟಿಸ್ಬರ್ಗ್ ಊರನ್ನೇ ತೆಗೆದುಕೊಳ್ಳಿ. ಲಿಂಕನ್ ಭಾಷಣ ಮಾಡಿದ ರಾಷ್ಟ್ರೀಯ ಸ್ಮಶಾನ ಅಲ್ಲಿದೆ, ಜಗತ್ತಿನ ಜನ ಬಂದು ನೋಡುತ್ತಾರೆ. ಅದೇ ಊರಿನಲ್ಲಿ ಲಿಂಕನ್ ಹೆಸರಿನದೇ ಇನ್ನೊಂದು ಚಿಕ್ಕ ಸ್ಮಶಾನವಿದೆ. 1867ರಲ್ಲಿ ಊರಿನ ಕಪ್ಪು ಜನರ ಸಂಘವೊಂದು ಮಾಡಿದ್ದು. ಉತ್ತರದ ಸೈನ್ಯದ ಕಪ್ಪು ದಳಗಳಲ್ಲಿ ಹೋರಾಡಿ ಬಂದ ಮೂವತ್ತರಷ್ಟು ಜನ ಅಲ್ಲಿ ಮಲಗಿದ್ದಾರೆ. ಒಂದೇ ಯುದ್ಧ, ಒಂದೇ ಬಾವುಟ, ಗೋರಿ ಮಾತ್ರ ಬೇರೆ ಬೇರೆ ಕಡೆ. ಯಾರ ಸ್ಮಶಾನಕ್ಕೆ ರಸ್ತೆ ಸರಿಯಿಲ್ಲವೋ, ಯಾರ ಮಕ್ಕಳು ಕೆಲಸ ಹುಡುಕಿಕೊಂಡು ಊರು ಬಿಟ್ಟರೋ ಅಲ್ಲಿ ಕಲ್ಲು ಮೊದಲು ಬೀಳುತ್ತದೆ. ಕಾನೂನು ಜಾತಿ ಬಣ್ಣ ನೋಡುವುದಿಲ್ಲ ಅಂದರೂ, ಪಟ್ಟಿ ಹಿಡಿದು ಹೋಗುವ ಮನುಷ್ಯ ಯಾವ ಗೇಟಿನ ಮುಂದೆ ನಿಲ್ಲುತ್ತಾನೆ ಅನ್ನುವುದು ಮುಖ್ಯವಾಗುತ್ತದೆ.

ಯಾರು ಸೈನಿಕ ಅನ್ನುವ ಪ್ರಶ್ನೆಯೂ ಬದಲಾಗುತ್ತಾ ಬಂದಿದೆ. 1879ರ ಕಲ್ಲು ಉತ್ತರದವರಿಗೆ ಮಾತ್ರ. ಉತ್ತರದ ಸೆರೆಮನೆಗಳಲ್ಲಿ ಸತ್ತ ದಕ್ಷಿಣದವರಿಗೆ 1906ರಲ್ಲಿ, ಊರಿನ ಸ್ಮಶಾನದಲ್ಲಿದ್ದ ದಕ್ಷಿಣದವರಿಗೆ 1929ರಲ್ಲಿ ಸರ್ಕಾರಿ ಕಲ್ಲು ಸಿಕ್ಕಿತು. ಯಾವ ಸರ್ಕಾರದ ಮೇಲೆ ಬಂದೂಕು ಎತ್ತಿದ್ದರೋ ಅದೇ ಸರ್ಕಾರದ ಕಲ್ಲು! ಅದು ರಾಜಿಯೋ ಮರೆವೋ ಅನ್ನುವ ಜಗಳ ಅಲ್ಲಿ ಇವತ್ತಿಗೂ ನಿಂತಿಲ್ಲ.

ಇತ್ತೀಚಿನ ಒಂದು ಪ್ರಸಂಗ ನನ್ನ ಮಾತನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 2009ರಲ್ಲಿ ಮಾಜಿ ಸೈನಿಕರ ಇಲಾಖೆ ತನ್ನ ನಿಯಮ ಬದಲಿಸಿ, ಕಲ್ಲಿಗೆ ಅರ್ಜಿ ಹಾಕುವವರು ಸತ್ತವನ ಹತ್ತಿರದ ಸಂಬಂಧಿಯೋ ಆ ಸಂಬಂಧಿಯ ಒಪ್ಪಿಗೆ ಪಡೆದವರೋ ಆಗಿರಬೇಕು ಅಂದಿತು. ಕೇಳಲು ಸರಿಯಾಗೇ ಇದೆ. ಆದರೆ 1870ರಲ್ಲಿ ಸತ್ತವನ ಹತ್ತಿರದ ಸಂಬಂಧಿಯನ್ನು ಎಲ್ಲಿಂದ ತರುವುದು? ಹಳೆಯ ಕಾಗದ ಹುಡುಕಿ, ಗುರುತಿಲ್ಲದ ಗೋರಿಯನ್ನು ಪತ್ತೆ ಮಾಡಿ, ಕಲ್ಲು ಕೇಳಲು ಹೋದ ಊರಿನ ಇತಿಹಾಸ ಪ್ರಿಯರು ಬರಿಗೈಯಲ್ಲಿ ವಾಪಸಾದರು. ದೊಡ್ಡ ಗಲಾಟೆಯಾಗಿ, 2016ರ ಏಪ್ರಿಲ್ 1ರಿಂದ ನಿಯಮ ಮತ್ತೆ ಬದಲಾಯಿತು. 1917ರ ಏಪ್ರಿಲ್ 6ಕ್ಕೆ ಮೊದಲು, ಅಂದರೆ ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿಯುವ ಮುಂಚೆ ಸೇವೆ ಮುಗಿಸಿದವನಿಗೆ ಯಾರು ಬೇಕಾದರೂ ಕಲ್ಲು ಕೇಳಬಹುದು. ಅದಕ್ಕೆ ಈಚಿನವರಿಗೆ ಮನೆಯವರಲ್ಲದೆ ಮಾಜಿ ಸೈನಿಕರ ಕೆಲಸ ನೋಡುವ ಸ್ಥಳೀಯ ಸರ್ಕಾರದ ನೌಕರನೂ ಕೇಳಬಹುದು. ಅಂದರೆ ನೂರಾರು ವರ್ಷದ ನಂತರವೂ, ಮನೆಯವರೆಲ್ಲ ಮುಗಿದ ಮೇಲೆ ಸತ್ತವನ ಪರವಾಗಿ ಸಹಿ ಹಾಕುವ ಕೊನೆಯ ನೆಂಟ ಟೌನ್ ಆಫೀಸಿನ ಆ ಗುಮಾಸ್ತನೇ.

ಇನ್ನು ಕಾವಲಿನ ವಿಷಯ. ಕಂಚಿನ ಗುರುತುಗಳಿಗೆ ಗುಜರಿ ಕಳ್ಳರ ಕಾಟ, ಹಾಗಾಗಿ ಎಷ್ಟೋ ಕಡೆ ಈಗ ಅಲ್ಯುಮಿನಿಯಂ, ಪ್ಲಾಸ್ಟಿಕ್ ಬಂದಿವೆ. 2012ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಸ್ಮಶಾನದಲ್ಲಿ ಅಂತರ್ಯುದ್ಧದ ಸೈನಿಕರ ಗೋರಿಗಳಿಂದ ಬಾವುಟಗಳು ಕಾಣೆಯಾಗತೊಡಗಿದವು. ಊರೆಲ್ಲ ಕೆಂಡಾಮಂಡಲ. ಪೊಲೀಸರು ಕ್ಯಾಮೆರಾ ಇಟ್ಟು ಕಾದರು. ಸಿಕ್ಕಿಬಿದ್ದ ಕಳ್ಳ ಒಂದು ಬಿಲ ತೋಡುವ ಪ್ರಾಣಿ! ನಮ್ಮ ಹೆಗ್ಗಣಕ್ಕಿಂತ ದೊಡ್ಡದಾದ, ಗ್ರೌಂಡ್‌ಹಾಗ್ ಅನ್ನುವ ಪ್ರಾಣಿ ಬಾವುಟಗಳನ್ನು ಎಳೆದುಕೊಂಡು ಹೋಗುತ್ತಿತ್ತಂತೆ. ನಗಬೇಡಿ, ಕಾಣೆಯಾಗಿದೆ ಅಂತ ಗೊತ್ತಾಗಬೇಕಾದರೆ ಇತ್ತು ಅಂತ ಯಾರೋ ಲೆಕ್ಕ ಇಟ್ಟಿರಲೇಬೇಕಲ್ಲವೇ?

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸುವುದು ಇಷ್ಟು. ಗೌರವ, ಕೃತಜ್ಞತೆ, ಹುತಾತ್ಮ ಅನ್ನುವ ಮಾತುಗಳನ್ನು ದೆಹಲಿಯೂ ಆಡುತ್ತದೆ, ವಾಷಿಂಗ್ಟನ್ನೂ ಆಡುತ್ತದೆ. ಆ ಮಾತು ಐವತ್ತು ವರ್ಷ ಉಳಿಯಬೇಕಾದರೆ ಮೂರು ಸಣ್ಣ ವಿಷಯ ಬೇಕು. ಈ ಕೆಲಸ ಇಂಥವರದು ಅಂತ ಬರೆದಿರಬೇಕು, ಖರ್ಚು ಯಾವ ಲೆಕ್ಕದಿಂದ ಅಂತ ಬರೆದಿರಬೇಕು, ಯಾರು ಎಲ್ಲಿದ್ದಾರೆ ಅನ್ನುವ ಪಟ್ಟಿ ಇರಬೇಕು. ಕಾನೂನಿನಿಂದ ಪ್ರೀತಿ ಹುಟ್ಟಿಸಲು ಆಗುವುದಿಲ್ಲ, ನಿಜ. ಆದರೆ ಪ್ರೀತಿ ಇದ್ದವರು ಸತ್ತು ಹೋದ ಮೇಲೆ ಹುಲ್ಲು ಕತ್ತರಿಸಿಸಲು ಆಗುತ್ತದೆ. ಅದೂ ಕಮ್ಮಿಯೇನಲ್ಲ.

ಅಮೆರಿಕದಲ್ಲಿರುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಈ ಕೆಲಸ ಯಾರದು, ಟೌನಿನದೋ ಕೌಂಟಿಯದೋ, ಹಳೆಯ ಪಟ್ಟಿ ಸಿಗುತ್ತದೆಯೋ ಅಂತ ಸುಮ್ಮನೆ ವಿಚಾರಿಸಿ ನೋಡಿ. ಏನಾದರೂ ಸ್ವಾರಸ್ಯ ಸಿಕ್ಕರೆ ಇಲ್ಲಿ ಕಾಮೆಂಟಿನಲ್ಲಾಗಲಿ ನಿಮ್ಮ ಬ್ಲಾಗಿನಲ್ಲಾಗಲಿ ಬರೆಯಿರಿ. ಓದಲು ಕಾದಿರುತ್ತೇನೆ.